ಜ್ವರದ ಮೊದಲ ಎರಡು ದಿನದ ಕೂಲಿ ಯಾರು ಕೊಡುತ್ತಾರೆ?

ಮಾನ್ಯ ಸಂಪಾದಕರೇ,

ಮಳೆ ಹಿಡಿಯಲು ಇನ್ನು ಕೆಲವೇ ವಾರಗಳಿವೆ. ಜೂನ್ ಬಂತೆಂದರೆ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಆರೋಗ್ಯ ಇಲಾಖೆಯ ಸಲಹೆ ಬರುತ್ತದೆ: ಜ್ವರ, ಶೀತ, ಕೆಮ್ಮು ಇದ್ದವರು ಮನೆಯಲ್ಲೇ ವಿಶ್ರಾಂತಿ ಪಡೆಯಿರಿ, ಜನ ಸೇರುವಲ್ಲಿಗೆ ಹೋಗಬೇಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ. ಸಲಹೆ ಸರಿಯಾಗಿಯೇ ಇದೆ. ಅದನ್ನು ಪಾಲಿಸುವ ಮನಸ್ಸೂ ನಮಗಿದೆ. ಆದರೆ ಮನೆಯಲ್ಲಿ ಉಳಿದ ದಿನದ ಕೂಲಿಯ ಮಾತನ್ನು ಯಾರೂ ಎತ್ತುವುದಿಲ್ಲ. ಆ ಒಂದು ಮಾತಿಗಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕಾರ್ಕಳ ತಾಲ್ಲೂಕಿನ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಸಿಪ್ಪೆ ತೆಗೆಯುವ ಕೆಲಸದವಳು. ಮದುವೆಯಾಗಿ ಈ ಊರಿಗೆ ಬಂದ ವರ್ಷ ಸೇರಿದೆ. ಈಗ ಮಗಳ ಮಗ ಅಂಗನವಾಡಿಗೆ ಹೋಗುತ್ತಿದ್ದಾನೆ. ಬೋರ್ಮಾ ಎಂಬ ಒಣಗಿಸುವ ಒಲೆಯಲ್ಲಿ ಒಣಗಿ ಬಂದ ತಿರುಳಿನ ಮೇಲಿನ ತೆಳು ಸಿಪ್ಪೆಯನ್ನು ಸಣ್ಣ ಚೂರಿಯಿಂದ, ಬೀಜ ತುಂಡಾಗದ ಹಾಗೆ ಬಿಡಿಸಬೇಕು. ಕೂಲಿ ಕಿಲೋ ಲೆಕ್ಕದಲ್ಲಿ. ಮಳೆಗಾಲದಲ್ಲಿ ತಿರುಳು ತೇವ ಎಳೆದುಕೊಂಡರೆ ಸಿಪ್ಪೆ ಬಿಡುವುದಿಲ್ಲ, ಆದ್ದರಿಂದ ಕಿಟಕಿಗಳನ್ನು ಭದ್ರವಾಗಿ ಮುಚ್ಚುತ್ತಾರೆ. ಉದ್ದನೆಯ ಮೇಜಿನ ಎರಡೂ ಬದಿಗೆ ಮೊಣಕೈಗೆ ಮೊಣಕೈ ತಾಗುವಂತೆ ಕುಳಿತು ಬೆಳಗಿನಿಂದ ಸಂಜೆಯವರೆಗೆ ಒಂದೇ ಗಾಳಿಯನ್ನು ಎಲ್ಲರೂ ಉಸಿರಾಡುತ್ತೇವೆ. ಕೊರೊನಾ ಆಗಲಿ, ಫ್ಲೂ ಆಗಲಿ ಕೆಮ್ಮಿದ ಹನಿಯಿಂದ ಮಾತ್ರವಲ್ಲ, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಿಂದಲೂ ಹರಡುತ್ತದೆ. ಅಂಥದ್ದಕ್ಕೆ ನಮ್ಮ ಕೋಣೆಗಿಂತ ಅನುಕೂಲದ ಜಾಗ ಬೇರೆ ಬೇಕಿಲ್ಲ. ಕಾರ್ಖಾನೆಗೆ ಬರುವ ಸರ್ವಿಸ್ ಬಸ್ಸಿನಲ್ಲೂ ಅದೇ ಕಥೆ: ಹೊರಗೆ ಸುರಿಯುವ ಮಳೆ, ಮುಚ್ಚಿದ ಗಾಜು, ಬಾಗಿಲವರೆಗೆ ನಿಂತ ಜನ.

ತುಳುನಾಡಿನಲ್ಲಿ ಆಟಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಎಂದರೆ ಹಿಂದಿನಿಂದಲೂ ಕಾಯಿಲೆಯ ತಿಂಗಳು. ಆಟಿ ಕಳಂಜನ ವೇಷ ಹಾಕಿದವನು ಮನೆ ಮನೆಗೆ ಬಂದು ಊರಿನ ಮಾರಿ ಕಳೆಯುತ್ತಾನೆ ಎಂಬ ನಂಬಿಕೆ, ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ಕೆತ್ತೆಯ ಕಷಾಯ. ನಮ್ಮ ಮನೆಯಲ್ಲಿ ಇಂದಿಗೂ ತಪ್ಪಿಸುವುದಿಲ್ಲ. ಆ ತಿಂಗಳಲ್ಲಿ ನಾಟಿ ಮುಗಿದಿರುತ್ತಿತ್ತು, ಮದುವೆ ಮುಂಜಿಗಳಿಲ್ಲ, ಜನ ಹೆಚ್ಚಾಗಿ ಮನೆಯಲ್ಲೇ ಇರುತ್ತಿದ್ದರು. ಹಲಸಿನ ಬೀಜ, ಕೆಸುವಿನ ಎಲೆ, ತಜಂಕ್ ಸೊಪ್ಪು ತಿಂದು ದಿನ ದೂಡಿದ್ದನ್ನು ಅತ್ತೆ ಈಗಲೂ ಹೇಳುತ್ತಾರೆ. ಅದು ಹಸಿವಿನ ಕಾಲ, ಮರಳಿ ಬರುವುದು ಬೇಡ. ಆದರೆ ಈಗ ಆಟಿಯಲ್ಲೂ ಕಾರ್ಖಾನೆ ನಡೆಯುತ್ತದೆ, ಶಾಲೆ ನಡೆಯುತ್ತದೆ, ಬಸ್ಸು ತುಂಬುತ್ತದೆ. ಕಾಯಿಲೆಯ ತಿಂಗಳು ಹಾಗೆಯೇ ಉಳಿದಿದೆ, ಮನೆಯಲ್ಲಿ ಉಳಿಯುವ ಅವಕಾಶ ಮಾತ್ರ ಹೋಗಿದೆ.

ಕಳೆದ ವರ್ಷದ ಆಟಿಯಲ್ಲಿ ನನ್ನ ಪಕ್ಕ ಕೂರುವ ಹುಡುಗಿ ಜ್ವರದಲ್ಲೇ ಕೆಲಸಕ್ಕೆ ಬಂದಳು. ಕಣ್ಣು ಕೆಂಪಾಗಿತ್ತು, ಚೂರಿ ಹಿಡಿದ ಕೈ ನಡುಗುತ್ತಿತ್ತು. ಮನೆಗೆ ಹೋಗು ಎಂದೆ. "ಅಕ್ಕ, ಶನಿವಾರ ಸಂಘದ ಕಂತು ಕಟ್ಟಬೇಕು, ಹೇಗೆ ಹೋಗಲಿ?" ಎಂದಳು. ಉತ್ತರ ನನ್ನ ಬಳಿಯೂ ಇರಲಿಲ್ಲ. ಆ ವಾರ ಮುಗಿಯುವಷ್ಟರಲ್ಲಿ ನಮ್ಮ ಮೇಜಿನ ಅರ್ಧ ಜನ ಕೆಮ್ಮುತ್ತಿದ್ದರು. ನನಗೂ ಬಂತು, ಮನೆಯಲ್ಲಿ ಮೊಮ್ಮಗನಿಗೆ ಬಂತು, ಕೊನೆಗೆ ದಮ್ಮಿನ ತೊಂದರೆ ಇರುವ ನಮ್ಮ ಅತ್ತೆಗೆ ಬಂತು. ನಮಗೆಲ್ಲ ಗಂಜಿ, ಶುಂಠಿ ಕಷಾಯ, ಪ್ಯಾರಾಸಿಟಮಾಲ್‌ನಲ್ಲಿ ವಾಸಿಯಾದದ್ದು ಅವರಲ್ಲಿ ನ್ಯುಮೋನಿಯಾಕ್ಕೆ ತಿರುಗಿತು. ಉಡುಪಿಯ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಉಳಿಸಿಕೊಂಡರು. ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎ, ಅಂದರೆ ಫ್ಲೂ, ಎಂದು ಬಂತು. ಆ ಹುಡುಗಿಯ ಮೇಲೆ ನನಗೆ ಕೋಪವಿಲ್ಲ. ಅವಳ ಜಾಗದಲ್ಲಿ ಇದ್ದರೆ ನಮ್ಮಲ್ಲಿ ಯಾರಾದರೂ ಬರುತ್ತಿದ್ದರು.

ಬರೀ ಶೀತ ತಾನೆ ಎನ್ನುವವರಿಗೆ ಒಂದು ಮಾತು. ಶೀತ ತರುವ ವೈರಾಣುಗಳು ಇನ್ನೂರಕ್ಕೂ ಹೆಚ್ಚು ಬಗೆಯವು. ಮೊದಲ ದಿನ ಮೂಗು ಸೋರುವುದನ್ನು ನೋಡಿ ಇದು ಶೀತವೋ, ಫ್ಲೂವೋ, ಕೊರೊನಾವೋ ಎಂದು ವೈದ್ಯರಿಗೂ ಹೇಳಲಾಗದು, ಪರೀಕ್ಷೆಯೇ ಆಗಬೇಕು. 2009ರಲ್ಲಿ ಹಂದಿಜ್ವರ ಎಂದು ನಾವೆಲ್ಲ ಹೆದರಿದ ಎಚ್1ಎನ್1 ಎಲ್ಲಿಗೂ ಹೋಗಿಲ್ಲ, ವರ್ಷ ವರ್ಷ ಬರುವ ಫ್ಲೂಗಳಲ್ಲಿ ಒಂದಾಗಿ ಉಳಿದಿದೆ. ಕೊರೊನಾ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಹೇಳಿತು. ವೈರಾಣು ಮುಗಿಯಿತೆಂದು ಹೇಳಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ಪಕ್ಕದ ಕೇರಳದಲ್ಲಿ ಕೊರೊನಾದ ಜೆಎನ್.1 ತಳಿ ಕಂಡಾಗ 60 ವರ್ಷ ದಾಟಿದವರು ಮಾಸ್ಕ್ ಹಾಕಿಕೊಳ್ಳಬೇಕೆಂದು ನಮ್ಮ ಸರ್ಕಾರವೇ ಹೇಳಿತ್ತು.

ಈಗ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವಿಷಯ. ನಮಗೆ ಇಎಸ್‌ಐ ಕಾರ್ಡ್ ಇದೆ, ಅದು ದೊಡ್ಡ ಆಸರೆ, ಇಲ್ಲ ಎನ್ನುವುದಿಲ್ಲ. ಸಂಬಳದ ಶೇ 0.75 ನಮ್ಮಿಂದ, ಶೇ 3.25 ಮಾಲೀಕರಿಂದ ಹೋಗುತ್ತದೆ. ಆರು ತಿಂಗಳಲ್ಲಿ ಕನಿಷ್ಠ 78 ದಿನದ ವಂತಿಗೆ ತುಂಬಿದ್ದರೆ, ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70 ಸಿಗುತ್ತದೆ. ಆದರೆ ಕಾಯಿಲೆಯ ಮೊದಲ ಎರಡು ದಿನಕ್ಕೆ ಏನೂ ಇಲ್ಲ. ಹದಿನೈದು ದಿನದೊಳಗೆ ಮತ್ತೆ ಮಲಗಿದರೆ ಮಾತ್ರ ಆ ಎರಡು ದಿನದ ತಡೆ ಇರುವುದಿಲ್ಲ. ಅಂದರೆ ಮೂರು ದಿನದ ಜ್ವರಕ್ಕೆ ಮನೆಯಲ್ಲಿ ಉಳಿದವಳ ಕೈಗೆ ಬರುವುದು ಒಂದು ದಿನದ ಕೂಲಿಯ ಶೇ 70 ಮಾತ್ರ. ಅದಕ್ಕೂ ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಬೇಕು. ಅದನ್ನು ತರಲು ಜ್ವರ ಹೊತ್ತುಕೊಂಡು, ಅದೇ ಗಾಜು ಮುಚ್ಚಿದ ಬಸ್ಸು ಹತ್ತಿ, ಚಿಕಿತ್ಸಾಲಯದ ಸಾಲಿನಲ್ಲಿ ಬೇರೆ ರೋಗಿಗಳ ನಡುವೆ ನಿಲ್ಲಬೇಕು. ಹೀಗಿರುವಾಗ ಕೆಲಸಕ್ಕೆ ಹೋಗುವುದೇ ಮೇಲು ಎಂದು ಹೆಂಗಸರು ಲೆಕ್ಕ ಹಾಕಿದರೆ ಆ ಲೆಕ್ಕ ತಪ್ಪಲ್ಲ.

ಫ್ಲೂ ಬಂದವರಿಂದ ಸೋಂಕು ಅತಿ ಹೆಚ್ಚು ಹರಡುವುದು ಮೊದಲ ಮೂರು ದಿನಗಳಲ್ಲಿ. ಓಸೆಲ್ಟಾಮಿವಿರ್ ಎಂಬ ಫ್ಲೂ ಮಾತ್ರೆಯನ್ನು ವೈದ್ಯರು ಕೊಡುವುದಿದ್ದರೆ, ಜ್ವರ ಶುರುವಾದ 48 ಗಂಟೆಯೊಳಗೆ ಆರಂಭಿಸಿದರೆ ಗುಣ ಹೆಚ್ಚು. ಈ ಎರಡು ಸಂಗತಿಗಳನ್ನೂ ಅತ್ತೆಯನ್ನು ನೋಡಿದ ವೈದ್ಯರು ಹೇಳಿದರು. ನಿಯಮದಲ್ಲಿ ದುಡ್ಡಿಲ್ಲದ ಆ ಎರಡು ದಿನಗಳೇ ಮನೆಯಲ್ಲಿ ಉಳಿಯಬೇಕಾದ, ವೈದ್ಯರನ್ನು ಕಾಣಬೇಕಾದ ದಿನಗಳು. ಇದನ್ನು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಸುಳ್ಳು ಹೇಳಿ ರಜೆ ಹಾಕುತ್ತಾರೆ ಎಂಬ ಭಯಕ್ಕೆ ಈ ನಿಯಮ ಎನ್ನುತ್ತಾರೆ. ಕಿಲೋ ಲೆಕ್ಕದಲ್ಲಿ ದುಡಿಯುವವಳು ಶೇ 70ರ ಆಸೆಗೆ ಮನೆಯಲ್ಲಿ ಮಲಗುವುದಿಲ್ಲ. ಮಾಲೀಕರ ಕಷ್ಟವೂ ನನಗೆ ಗೊತ್ತು. ಕಚ್ಚಾ ಬೀಜ ಆಫ್ರಿಕಾದಿಂದ ಹಡಗಿನಲ್ಲಿ ಮಂಗಳೂರು ಬಂದರಿಗೆ ಬರಬೇಕು, ಮಾರುವಾಗ ವಿಯೆಟ್ನಾಂ ಜೊತೆ ಪೈಪೋಟಿ. ಆದರೆ ಒಬ್ಬಳು ಎರಡು ದಿನ ಮನೆಯಲ್ಲಿ ಉಳಿಯುವುದಕ್ಕೂ, ಅರ್ಧ ಮೇಜು ವಾರವಿಡೀ ಕೆಮ್ಮುತ್ತಾ ನಿಧಾನವಾಗಿ ಬೀಜ ಬಿಡಿಸುವುದಕ್ಕೂ ಯಾವುದರಲ್ಲಿ ನಷ್ಟ ಹೆಚ್ಚು ಎಂದು ಅವರೇ ತೂಗಿ ನೋಡಲಿ. ತಿರುಳು ಒದ್ದೆಯಾಗಬಾರದು ಎಂಬುದನ್ನು ಒಪ್ಪುತ್ತೇನೆ. ಎಕ್ಸಾಸ್ಟ್ ಫ್ಯಾನ್ ಹಾಕಬಹುದು, ಮೇಜು ಖಾಲಿಯಾಗುವ ಚಹಾ ಮತ್ತು ಊಟದ ಹೊತ್ತಿನಲ್ಲಿ ಬೀಜಕ್ಕೆ ಮುಚ್ಚಳ ಹಾಕಿ ಕಿಟಕಿ ತೆರೆಯಬಹುದು. ಒಳಗೆ ಶುದ್ಧ ಗಾಳಿ ಆಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು.

ಸರ್ಕಾರ ಮನಸ್ಸು ಮಾಡಿದರೆ ಆಗುವುದಿಲ್ಲ ಎಂದೇನಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದ ನೌಕರರಿಗೆ 28 ದಿನ ಸಂಬಳ ಸಹಿತ ರಜೆ ಕೊಡಬೇಕೆಂದು ರಾಜ್ಯದ ಕಾರ್ಮಿಕ ಇಲಾಖೆ ಸೂಚಿಸಿತ್ತು. 2025ರ ಅಕ್ಟೋಬರ್‌ನಲ್ಲಿ ದುಡಿಯುವ ಹೆಂಗಸರಿಗೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಯ ನೀತಿಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ಮೇ ಕೊನೆಯಲ್ಲಿ, ಜ್ವರ, ಕೆಮ್ಮು, ಶೀತ ಇರುವ ಮಕ್ಕಳನ್ನು ಶಾಲೆಗೆ ಕಳುಹಿಸಬೇಡಿ ಎಂದು ಸುತ್ತೋಲೆ ಬಂತು. ಒಳ್ಳೆಯ ಸುತ್ತೋಲೆ. ಆದರೆ ಮಗು ಮನೆಯಲ್ಲಿ ಉಳಿದರೆ ಅದರ ಜೊತೆ ಯಾರು ಉಳಿಯಬೇಕು? ನನ್ನ ಮಗಳು ಬಟ್ಟೆ ಅಂಗಡಿಯಲ್ಲಿ ದುಡಿಯುತ್ತಾಳೆ, ನಾನು ಕಾರ್ಖಾನೆಯಲ್ಲಿ. ಕಾಯಿಲೆಯ ಮಗುವನ್ನು ಎಂಬತ್ತರ ಹತ್ತಿರದ ಮುತ್ತಜ್ಜಿಯ ಮಡಿಲಿಗೆ ಹಾಕಿ ಹೋಗುವುದೊಂದೇ ಉಳಿದ ದಾರಿ, ಸೋಂಕು ತಗುಲಬಾರದವರು ಮನೆಯಲ್ಲಿ ಅವರೊಬ್ಬರೇ ಆಗಿದ್ದರೂ. ಇನ್ನು ಮನೆಯಲ್ಲೇ ಬೀಡಿ ಕಟ್ಟುವ ಹೆಂಗಸರು ಜ್ವರದಲ್ಲೂ ಮಡಿಲಲ್ಲಿ ಮೊರ ಇಟ್ಟುಕೊಂಡೇ ಕೂರುತ್ತಾರೆ. ಅವರ ವಿಷಯಕ್ಕೆ ಬೇರೆಯೇ ಪತ್ರ ಬೇಕು.

ಲಸಿಕೆಯ ಬಗ್ಗೆಯೂ ಹೇಳಬೇಕು. ಫ್ಲೂ ವೈರಾಣು ರೂಪ ಬದಲಿಸುವುದರಿಂದ ಲಸಿಕೆಯನ್ನು ಪ್ರತಿ ವರ್ಷ ಹಾಕಿಸಿಕೊಳ್ಳಬೇಕು, ನಮ್ಮ ಕರಾವಳಿಯವರು ಮಳೆಗಾಲಕ್ಕೆ ಮುಂಚೆಯೇ. ಈ ಬಾರಿ ಅತ್ತೆಗೆ ಖಾಸಗಿಯಲ್ಲಿ ಹಾಕಿಸಿದೆವು, ಸಾವಿರ ರೂಪಾಯಿಗೂ ಮೇಲೆ ಆಯಿತು. ನಮ್ಮ ಮೇಜಿನಲ್ಲಿ ಕೂರುವ ಎಷ್ಟು ಮಂದಿ ತಮ್ಮ ಮನೆಯ ಹಿರಿಯರಿಗೆ ಅಷ್ಟು ಖರ್ಚು ಮಾಡಬಲ್ಲರು? ದಮ್ಮು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರಿಗೂ, 60 ದಾಟಿದವರಿಗೂ ಇಎಸ್‌ಐ ಚಿಕಿತ್ಸಾಲಯದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೇ ತಿಂಗಳಲ್ಲೇ ಉಚಿತವಾಗಿ ಸಿಗುವಂತಾಗಬೇಕು.

ಇಎಸ್‌ಐ ನಿಯಮ ಬದಲಾಗಬೇಕಾದದ್ದು ದೆಹಲಿಯಲ್ಲಿ, ಅದು ತಡವಾಗುತ್ತದೆ. ನಮ್ಮ ಸಂಸದರು ಅಲ್ಲಿ ಅದನ್ನು ಕೇಳಲಿ. ಅಲ್ಲಿಯವರೆಗೆ ಕಾಯದೆ ಇಲ್ಲಿಯೇ ಮಾಡಬಹುದಾದದ್ದಿದೆ. ಉಡುಪಿ ಮತ್ತು ದಕ್ಷಿಣ ಕನ್ನಡದ ಜಿಲ್ಲಾಧಿಕಾರಿಗಳು ಗೇರುಬೀಜ ಕಾರ್ಖಾನೆಗಳ ಮಾಲೀಕರನ್ನು, ಕಾರ್ಮಿಕ ಸಂಘಗಳನ್ನು, ಕಾರ್ಮಿಕ ಇಲಾಖೆಯವರನ್ನು ಜೂನ್‌ಗೆ ಮುಂಚೆ ಒಂದು ಸಭೆಗೆ ಕರೆಯಲಿ. ಮಳೆಗಾಲದ ನಾಲ್ಕು ತಿಂಗಳಾದರೂ ಜ್ವರದ ಮೊದಲ ಎರಡು ದಿನಕ್ಕೆ ಮಾಲೀಕರು ಕನಿಷ್ಠ ಕೂಲಿ ಕೊಡುವಂತೆ, ಆ ಎರಡು ದಿನಕ್ಕೆ ಸರ್ಟಿಫಿಕೇಟ್ ಬದಲು ಫೋನ್ ಮಾಡಿ ತಿಳಿಸಿದರೆ ಸಾಕಾಗುವಂತೆ ಅಲ್ಲಿ ಒಪ್ಪಂದವಾಗಲಿ. ಆ ಸಭೆಗೆ ಮೇಜಿನಲ್ಲಿ ಕೂತು ಬೀಜ ಬಿಡಿಸುವ ಹೆಂಗಸರಲ್ಲಿ ಕೆಲವರನ್ನಾದರೂ ಕರೆಯಬೇಕು. ಕರೆದರೆ ಅಂದಿನ ಕೂಲಿ ಹೋದರೂ ನಾನು ಬರುತ್ತೇನೆ.

ಇತಿ,
ಗೇರುಬೀಜ ಕಾರ್ಖಾನೆಯ ಕಾರ್ಮಿಕೆ,
ಕಾರ್ಕಳ ತಾಲ್ಲೂಕು, ಉಡುಪಿ ಜಿಲ್ಲೆ
(ಕೆಲಸದ ಕಾರಣಕ್ಕೆ ಹೆಸರು ಪ್ರಕಟಿಸಬಾರದಾಗಿ ವಿನಂತಿ)