ಸಹಿ ಆತು, ಧನ್ಯವಾದ ಬಾಕಿ ಐತಿ

ಈ ತಿಂಗಳಿಂದ ನಮ್ಮ ಕಾರ್ಖಾನೆಯ ಪರ್ಚೇಸ್ ಆರ್ಡರ್, ನೇಮಕಾತಿ ಪತ್ರ, ಕರಾರು ಎಲ್ಲವೂ ಕಂಪ್ಯೂಟರಿನಲ್ಲೇ ಸಹಿಯಾಗಿ ಹೊರಡುತ್ತಿವೆ. ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ವಾಲ್ವ್ ಮಾಡುವ ಸಣ್ಣ ಕಾರ್ಖಾನೆ ನಮ್ಮದು. ಸಾಹೇಬರು ಊರಲ್ಲಿಲ್ಲದಾಗ ಬೆಳಗಾವಿ ಫೌಂಡ್ರಿಗೆ ಹೋಗಬೇಕಾದ ಕಾಸ್ಟಿಂಗ್ ಆರ್ಡರ್ ಸಹಿಗಾಗಿ ಮೇಜಿನ ಮೇಲೇ ಕೂತಿರುತ್ತಿತ್ತು. ಹೊಸದನ್ನು ಎಲ್ಲರಿಗೂ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಈಗ ಶಾಭಾಸ್‌ಗಿರಿಯೂ ನನಗೇ ಬರುತ್ತಿದೆ. ಅದು ಸಲ್ಲಬೇಕಾದವರು ಬೇರೆ ಇದ್ದಾರೆ.

ಮೊದಲು ಸ್ಟೋರ್ಸ್ ಕಾಕಾ. ತರಬೇತಿ ಶುರುವಾಗುತ್ತಲೇ ಎದ್ದು ನಿಂತರು. "ಅಕ್ಕಾರ, ನನ್ನ ಸಹಿದ ಫೋಟೋ ತಗದು ಪಿಡಿಎಫ್‌ನ್ಯಾಗ ಅಂಟಿಸಿದ್ರ ಆತಲ್ರೀ, ಇದಕ್ಕ್ಯಾಕ ಇಷ್ಟ ರೊಕ್ಕ?" ನಾನು ತಯಾರಿಸಿಕೊಂಡು ಹೋದ ಸ್ಲೈಡುಗಳೆಲ್ಲ ಅಲ್ಲೇ ನಿಂತವು. ಒಂದು ಆರ್ಡರಿಗೆ ಸಹಿ ಹಾಕಿಸಿ, ಆಮೇಲೆ 40 ಅಂತ ಇದ್ದದ್ದನ್ನು 400 ಮಾಡಿ ತೆರೆದು ತೋರಿಸಿದೆ. ಸಹಿಯಾದ ಮೇಲೆ ಕಡತ ಬದಲಾಗಿದೆ, ಸಹಿ ಸಿಂಧುವಲ್ಲ ಎಂದು ಪರದೆಯ ಮೇಲೆ ಬಂತು. ಅಂಟಿಸಿದ ಫೋಟೋ ಇದ್ದ ಪ್ರತಿಯಲ್ಲಿ 400 ತಣ್ಣಗೆ ಕೂತಿತ್ತು. "ಕೋರ್ಟಿನ್ಯಾಗ ನಡೀತೈತೇನು?" ಎಂದರು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 5ನೇ ಕಲಂ ಮಾನ್ಯತೆ ಕೊಟ್ಟಿದೆ, ಮೃತ್ಯುಪತ್ರದಂಥ ಕೆಲವು ದಾಖಲೆಗಳಿಗೆ ನಡೆಯುವುದಿಲ್ಲ ಎಂದೆ. "ಹಂಗಾರ ಹೊಲ ಮಕ್ಕಳ ಹೆಸರಿಗೆ ಬರಿಯಾಕ ಪೆನ್ನ ಜ್ವಾಪಾನ ಇಟ್ಕೋತೀನಿ ಬಿಡ್ರಿ." ಮರುದಿನದಿಂದ ಪಕ್ಕದ ಮೇಜಿನವರಿಗೆ ಅವರೇ ಮಾಸ್ತರು.

ಪ್ಯಾಕಿಂಗ್ ವಿಭಾಗದ ಅಕ್ಕಂದಿರ ತೊಡಕು ಬೇರೆ. ಕರಾರಿಗೆ ಆಧಾರ್ ಇ-ಸೈನ್, ಅಂದರೆ ಆಧಾರ್ ಮೂಲಕ ಸಹಿ, ಮಾಡಬೇಕೆಂದರೆ ಆಧಾರ್‌ಗೆ ಜೋಡಿಸಿದ ನಂಬರಿಗೆ ಓಟಿಪಿ ಬರಬೇಕು. ಅದು ಯಾವಾಗಲೋ ಕೊಟ್ಟ ಹಳೇ ನಂಬರಿಗೆ, ಇಲ್ಲವೇ ಮಗನ ಫೋನಿಗೆ ಹೋಗುತ್ತಿತ್ತು. ಸೂಪರ್‌ವೈಸರ್ ಅಣ್ಣಾವ್ರು ಪಗಾರ ಕಡಿಯದೆ ಅವರನ್ನು ಪಾಳಿ ಪ್ರಕಾರ ಅಂಚೆ ಕಚೇರಿಗೆ ಕಳಿಸಿ ನಂಬರ್ ಬದಲಿ ಮಾಡಿಸಿದರು. ಈ ಉಪಕಾರ ಯಾವ ಸಾಫ್ಟ್‌ವೇರ್ ಕೈಪಿಡಿಯಲ್ಲೂ ಇರಲಿಲ್ಲ.

ಅಕೌಂಟ್ಸಿನ ತಮ್ಮನಿಗೆ ವಿಶೇಷ ನಮಸ್ಕಾರ. ಸಾಹೇಬರ ಡಿಜಿಟಲ್ ಸಹಿಯ ಟೋಕನ್, ಅಂದರೆ ಸಹಿಯ ಕೀಲಿ ಇರುವ ಪೆನ್‌ಡ್ರೈವಿನಂಥ ಸಾಧನ, ಇವನ ಡ್ರಾವರಿನಲ್ಲಿ ಇರುತ್ತಿತ್ತು, ಪಿನ್ ಬರೆದ ಚೀಟಿಯೂ ಅದರ ಜೊತೆಗೇ. ಇಂಥ ಡ್ರಾವರ್ ಎಷ್ಟೋ ಕಚೇರಿಗಳಲ್ಲಿದೆ. ತರಬೇತಿಯಲ್ಲಿ ಅದೇ ಕಾಯ್ದೆಯ 42ನೇ ಕಲಂ ಬಂತು: ಸಹಿಯ ಖಾಸಗಿ ಕೀಲಿಯನ್ನು ಅದರ ಒಡೆಯನೇ ಜೋಪಾನ ಮಾಡಬೇಕು. ತಮ್ಮ ಎಲ್ಲರೆದುರೇ ಹೇಳಿಬಿಟ್ಟ, "ಸರ, ಇದನ್ನ ನೀವ ಇಟ್ಕೊಳ್ರಿ. ನಾಳೆ ಏನರ ಆದ್ರ ಸಹಿ ನಿಮ್ದು, ಕೈ ನಂದು." ಸಣ್ಣ ನೌಕರಿಯವನು ಮಾಲಕರಿಗೆ ಹಾಗೆ ಹೇಳುವುದು ಸುಲಭವಲ್ಲ. ಸಾಹೇಬರು ಸಿಟ್ಟಾಗಲಿಲ್ಲ. ಟೋಕನ್ ತಗೊಂಡು ಪಿನ್ ಬದಲಿಸಿ, ಮುಂದಿನ ತರಗತಿಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತರು. ಅವರಿಗೂ ಧನ್ಯವಾದ, ಎಲ್ಲರಿಗಿಂತ ನಿಧಾನ ಕಲಿತವರು ಅವರೇ, ಅದನ್ನು ಅವರೂ ಒಪ್ಪುತ್ತಾರೆ.

ಸೋಮವಾರದಿಂದ ಡಿಸ್ಪ್ಯಾಚ್‌ನವರ ಸರದಿ. ಕಲಿಸುವವರು ಕಾಕಾ. ಏನೇ ಕೇಳುವುದಿದ್ದರೂ ಅವರನ್ನೇ ಕೇಳಿ, ಊಟದ ಹೊತ್ತು ಬಿಟ್ಟು. ಅದೊಂದು ಷರತ್ತನ್ನು ಅವರು ಮೊದಲೇ ಹಾಕಿದ್ದಾರೆ.