ಅಮೆರಿಕದ ಬರ್ತ್ ಸರ್ಟಿಫಿಕೇಟ್ ಒಂದೇ ಥರ ಇರಲ್ಲ, ಸ್ವಾಮಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಹುಟ್ಟಿದ ಮಕ್ಕಳನ್ನು ಕರೆದುಕೊಂಡು ಊರಿಗೆ ಮರಳಿದವರು ಕಾಗದಪತ್ರಕ್ಕಾಗಿ ಪಡುವ ಪಾಡು ಈಗ ಹೊಸದೇನಲ್ಲ. ನಾನು ಬಹಳ ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿ ಇದ್ದೇನೆ. ಮಗ ಸೊಸೆ ಈಚೆಗೆ ಮಕ್ಕಳ ಸಮೇತ ಮೈಸೂರಿಗೆ ಹೋದರು. ಅಲ್ಲಿನ ಒಂದು ಕಚೇರಿಯಲ್ಲಿ ಮೊಮ್ಮಗಳ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಕೌಂಟಿಯದು ಅಂತಿದೆ, ಅಮೆರಿಕ ಸರ್ಕಾರದ್ದು ತನ್ನಿ. ಮೊನ್ನೆ ಒಬ್ಬರು ತಂದದ್ದು ಹೀಗಿರಲಿಲ್ಲ" ಅಂದರಂತೆ.

ಅಮೆರಿಕ ಸರ್ಕಾರದ್ದು ಅಂತ ಒಂದು ಇದ್ದರೆ ತಾನೇ ತರೋದು? ಈ ದೇಶದೊಳಗೆ ಹುಟ್ಟಿದವರಿಗೆ ಕೇಂದ್ರ ಸರ್ಕಾರ ಬರ್ತ್ ಸರ್ಟಿಫಿಕೇಟ್ ಕೊಡುವುದೇ ಇಲ್ಲ. ಅದು ರಾಜ್ಯಗಳ ಕೆಲಸ. ರಾಜ್ಯಗಳು ಅದನ್ನು ತಮ್ಮ ತಮ್ಮ ಪದ್ಧತಿಯಂತೆ ಕೌಂಟಿಗೋ ಊರಿಗೋ ಹಂಚಿವೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಅಂದುಕೊಳ್ಳಿ. 2000ದಲ್ಲಿ ಇಲ್ಲಿನ ಆರೋಗ್ಯ ಇಲಾಖೆಯ ತನಿಖಾ ವಿಭಾಗವೇ ಲೆಕ್ಕ ಹಾಕಿತ್ತು: ಸರ್ಟಿಫಿಕೇಟ್ ಕೊಡುವ ಕಚೇರಿಗಳು 6,000ಕ್ಕೂ ಜಾಸ್ತಿ, ಚಲಾವಣೆಯಲ್ಲಿದ್ದ ನಮೂನೆಗಳು 14,000ಕ್ಕೂ ಜಾಸ್ತಿ. ಹಾಗಿರುವಾಗ ಇವತ್ತು ಬಂದವರ ಕಾಗದ ಮೊನ್ನೆ ಬಂದವರ ಕಾಗದದ ಹಾಗೆ ಇರಬೇಕು ಅನ್ನೋದು ಯಾವ ನ್ಯಾಯ?

ಆದರೆ ತಪ್ಪು ಒಂದೇ ಕಡೆ ಇಲ್ಲ. ಇಲ್ಲಿಂದ ಹೊರಡುವ ನಮ್ಮ ಜನ ಕೂಡ ಸರಿಯಾದ ಕಾಗದ ತೆಗೆದುಕೊಳ್ಳದೆ ವಿಮಾನ ಹತ್ತುತ್ತಾರೆ. ಕೆಲವರು ಆಸ್ಪತ್ರೆಯಲ್ಲಿ ಕೊಟ್ಟ, ಮಗುವಿನ ಪುಟ್ಟ ಪಾದದ ಗುರುತು ಒತ್ತಿದ ಚೆಂದದ ಹಾಳೆಯನ್ನೇ ಸರ್ಟಿಫಿಕೇಟ್ ಅಂತ ಜೋಪಾನ ಮಾಡಿರುತ್ತಾರೆ. ಅದು ನೆನಪಿಗೆ ಇಟ್ಟುಕೊಳ್ಳೋಕೆ ಅಷ್ಟೇ. ಯಾವ ಕಚೇರಿಯಲ್ಲೂ ನಡೆಯುವುದಿಲ್ಲ.

ನನಗೆ ಚೆನ್ನಾಗಿ ಗೊತ್ತಿರುವುದು ಕ್ಯಾಲಿಫೋರ್ನಿಯಾ, ಅದನ್ನೇ ಹೇಳುತ್ತೇನೆ. ಮೊದಲನೆಯದು, ನೀವು ಎಲ್ಲಿ ಮನೆ ಮಾಡಿದ್ದೀರಿ ಅನ್ನೋದು ಲೆಕ್ಕಕ್ಕಿಲ್ಲ, ಮಗು ಎಲ್ಲಿ ಹುಟ್ಟಿತು ಅನ್ನೋದೇ ಲೆಕ್ಕ. ಫ್ರೀಮಾಂಟ್‌ನಲ್ಲಿ ಮನೆ, ಪಾಲೊ ಆಲ್ಟೊದ ಆಸ್ಪತ್ರೆಯಲ್ಲಿ ಹೆರಿಗೆ ಅಂದುಕೊಳ್ಳಿ. ಮನೆ ಇರುವುದು ಅಲಮೀಡಾ ಕೌಂಟಿಯಲ್ಲಿ, ದಾಖಲೆ ಇರುವುದು ಸಾಂಟಾ ಕ್ಲಾರಾ ಕೌಂಟಿಯಲ್ಲಿ. ಅಲಮೀಡಾ ಕೌಂಟಿಯ ಕಚೇರಿ ಇರುವ ಓಕ್‌ಲ್ಯಾಂಡ್‌ಗೆ ಹೋಗಿ ಸಾಲಿನಲ್ಲಿ ನಿಂತರೆ ಬರಿಗೈಯಲ್ಲಿ ವಾಪಸ್. ಮಗು ತೀರಾ ಚಿಕ್ಕದಾಗಿದ್ದರೆ ದಾಖಲೆ ಸಾಮಾನ್ಯವಾಗಿ ಕೌಂಟಿಯ ಆರೋಗ್ಯ ಇಲಾಖೆಯಲ್ಲಿರುತ್ತದೆ, ಆಮೇಲೆ ರೆಕಾರ್ಡರ್ ಕಚೇರಿ, ಅಂದರೆ ಕೌಂಟಿಯ ದಾಖಲೆಗಳನ್ನು ಇಡುವ ಕಚೇರಿ. ರಾಜ್ಯದ ಮುಖ್ಯ ಕಚೇರಿಗೂ ಬರೆಯಬಹುದು, ಆದರೆ ಕೌಂಟಿಯಲ್ಲೇ ಬೇಗ ಆಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ಇಲ್ಲಿ ಎರಡು ಬಗೆಯ ಪ್ರತಿ ಕೊಡುತ್ತಾರೆ. ಒಂದು ಅಧಿಕೃತ ಪ್ರತಿ. ಇನ್ನೊಂದರ ಮೇಲೆ, ಇದು ಮಾಹಿತಿಗಾಗಿ ಮಾತ್ರ, ಗುರುತು ಸಾಬೀತು ಮಾಡಲು ಬರುವುದಿಲ್ಲ ಅಂತ ಅಡ್ಡಡ್ಡ ಅಚ್ಚಾಗಿರುತ್ತದೆ. 2003ರ ಜುಲೈನಿಂದ ಈ ಭೇದ ಇದೆ. ಅಧಿಕೃತ ಪ್ರತಿ ಯಾರು ಬೇಕಾದರೂ ಕೇಳುವ ಹಾಗಿಲ್ಲ. ಸ್ವತಃ ಅವರು, ಅಪ್ಪ ಅಮ್ಮ, ಅಜ್ಜ ಅಜ್ಜಿ, ಒಡಹುಟ್ಟಿದವರು, ಗಂಡ ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಹೀಗೆ ಪಟ್ಟಿ ಇದೆ. ಚಿಕ್ಕಪ್ಪ, ಸೋದರಮಾವ ಆ ಪಟ್ಟಿಯಲ್ಲಿಲ್ಲ! ನೀವು ಊರು ಸೇರಿದ ಮೇಲೆ ಇಲ್ಲಿರುವ ತಮ್ಮನಿಗೆ ಫೋನ್ ಮಾಡಿ "ಮಗಳ ಸರ್ಟಿಫಿಕೇಟ್ ಒಂದು ತೆಗೆದು ಕಳಿಸೋ" ಅಂದರೆ ಅವನಿಗೆ ಸಿಗುವುದು ಆ ಎರಡನೇ ಬಗೆಯದೇ. ನಾನು ಅಜ್ಜಿಯಾಗಿದ್ದರಿಂದ ನಮ್ಮನೆ ಕೆಲಸ ಆಯಿತು ಅನ್ನಿ. ಅರ್ಜಿಯ ಜೊತೆ ಪ್ರಮಾಣ ಹೇಳಿಕೆಗೆ ಸಹಿ ಹಾಕಬೇಕು. ಅಂಚೆಯಲ್ಲಿ ಕಳಿಸುವುದಾದರೆ ಅದಕ್ಕೆ ನೋಟರಿ ಬೇಕು. ಕೌಂಟರ್‌ಗೇ ಹೋದರೆ ಗುರುತಿನ ಚೀಟಿ ತೋರಿಸಿ ಅವರೆದುರೇ ಸಹಿ ಮಾಡಿದರೆ ಮುಗಿಯಿತು. ಅಂಚು ಉಬ್ಬಿದ ಹಾಗೆ ಅಚ್ಚಾದ ಗಟ್ಟಿ ಕಾಗದ ಕೈಗೆ ಬರುತ್ತದೆ, ಬೆರಳಾಡಿಸಿದರೆ ಗೊತ್ತಾಗುತ್ತದೆ. ದಯವಿಟ್ಟು ಅದನ್ನು ಲ್ಯಾಮಿನೇಟ್ ಮಾಡಿಸಬೇಡಿ.

ಆಮೇಲೆ ಅಪೊಸ್ಟಿಲ್. ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ನಂಬಲಿ ಅಂತ ಅಂಟಿಸುವ ದೃಢೀಕರಣ ಅದು. ಇದಕ್ಕಾಗಿ ದೇಶಗಳು ಮಾಡಿಕೊಂಡ ಒಪ್ಪಂದದಲ್ಲಿ ಭಾರತ 2005ರಿಂದ ಇದೆ, ಅಮೆರಿಕ ಅದಕ್ಕೂ ಮುಂಚಿನಿಂದ. ಇದಕ್ಕೆ ವಾಷಿಂಗ್ಟನ್‌ಗೆ ಕಳಿಸಿದರೆ ಪ್ರಯೋಜನವಿಲ್ಲ, ಯಾವ ರಾಜ್ಯದ ಸರ್ಟಿಫಿಕೇಟೋ ಆ ರಾಜ್ಯವೇ ಕೊಡಬೇಕು. ಕ್ಯಾಲಿಫೋರ್ನಿಯಾದವರಿಗೆ ಸ್ಯಾಕ್ರಮೆಂಟೊದಲ್ಲಿರುವ ರಾಜ್ಯ ಸರ್ಕಾರದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ, ಒಂದಕ್ಕೆ 20 ಡಾಲರ್. ಇಲ್ಲೊಂದು ಕೊಕ್ಕೆ ಇದೆ. ಸರ್ಟಿಫಿಕೇಟಿಗೆ ಕೌಂಟಿಯ ಕ್ಲರ್ಕ್ ಅಥವಾ ರೆಕಾರ್ಡರ್ ಸಹಿ ಇದ್ದರೆ ನೇರವಾಗಿ ಆಗುತ್ತದೆ. ಆರೋಗ್ಯ ಇಲಾಖೆಯ ಅಧಿಕಾರಿಯ ಸಹಿ ಇದ್ದರೆ ಮೊದಲು ಆ ಸಹಿಯನ್ನು ಕೌಂಟಿ ಕ್ಲರ್ಕ್ ಹತ್ತಿರ ದೃಢೀಕರಿಸಿಕೊಂಡು ಬನ್ನಿ ಅನ್ನುತ್ತಾರೆ. ಪುಟ್ಟ ಮಕ್ಕಳ ಅಪ್ಪ ಅಮ್ಮಂದಿರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಮತ್ತೆ ಸರ್ಟಿಫಿಕೇಟು, ಅಪೊಸ್ಟಿಲ್ ಎರಡೂ ಹಾಳೆಗಳನ್ನು ಸೇರಿಸಿ ಪಿನ್ ಹೊಡೆದಿರುತ್ತಾರಲ್ಲ, ಅದನ್ನು ಬಿಚ್ಚಬಾರದು. ಬಿಚ್ಚಿದರೆ ಅಪೊಸ್ಟಿಲ್‌ಗೆ ಬೆಲೆ ಇಲ್ಲ. ನಮ್ಮೂರಿನ ಜೆರಾಕ್ಸ್ ಅಂಗಡಿಗಳಲ್ಲಿ ಮೊದಲು ಮಾಡುವ ಕೆಲಸವೇ ಪಿನ್ ಕೀಳುವುದು, ಎದುರಿಗೇ ನಿಂತು ಕಾಯಿರಿ.

ಇನ್ನು ಹೆಸರಿನ ಗೋಳು. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ, ಇನಿಶಿಯಲ್ ಅಷ್ಟೇ. ಆಸ್ಪತ್ರೆಯಲ್ಲಿ ಅವಸರದಲ್ಲಿ ಏನೋ ಬರೆಸಿ ಆಮೇಲೆ ತಿದ್ದಿಸುತ್ತಾರೆ. ಇಲ್ಲಿ ತಿದ್ದುಪಡಿ ಅಂದರೆ ಮೂಲವನ್ನು ಅಳಿಸಿ ಬರೆಯುವುದಲ್ಲ. ಮೊದಲ ಪುಟ ಹಾಗೇ ಇರುತ್ತದೆ, ತಿದ್ದುಪಡಿ ಎರಡನೇ ಪುಟವಾಗಿ ಸೇರುತ್ತದೆ. ಊರಿನ ಕೌಂಟರ್‌ನಲ್ಲಿ ಮೊದಲ ಪುಟ ನೋಡಿ "ಸ್ಪೆಲ್ಲಿಂಗ್ ತಪ್ಪಿದೆ" ಅಂತ ವಾಪಸ್ ಕೊಟ್ಟರೆ, ಎರಡನೇ ಪುಟ ತಿರುಗಿಸಿ ಅಂತ ನೀವೇ ಹೇಳಬೇಕು.

ಇದೆಲ್ಲ ಕ್ಯಾಲಿಫೋರ್ನಿಯಾದ ಮಾತು. ವಾಟ್ಸಾಪ್ ಗುಂಪುಗಳಲ್ಲಿ ಟೆಕ್ಸಾಸ್‌ನವರಿಗೆ ನ್ಯೂಜೆರ್ಸಿಯವರು ಸಲಹೆ ಕೊಡುತ್ತಿರುತ್ತಾರೆ, ನೋಡಿದರೆ ನಗು ಬರುತ್ತದೆ. ನ್ಯೂಜೆರ್ಸಿಯಲ್ಲಿ ಕೌಂಟಿಯ ಪಾತ್ರವೇ ಇಲ್ಲ, ಹೆರಿಗೆಯಾದ ಊರಿನ ರಿಜಿಸ್ಟ್ರಾರ್ ಅಥವಾ ರಾಜ್ಯದ ಕಚೇರಿ. ಓಹಿಯೋದಲ್ಲಿ ಇದಕ್ಕೆ ಪೂರ್ತಿ ತದ್ವಿರುದ್ಧ, ಆ ರಾಜ್ಯದಲ್ಲಿ ಎಲ್ಲಿ ಹುಟ್ಟಿದ್ದರೂ ಯಾವ ಊರಿನ ಆರೋಗ್ಯ ಕಚೇರಿಯಲ್ಲಾದರೂ ತೆಗೆದುಕೊಳ್ಳಬಹುದು, ಯಾರು ಬೇಕಾದರೂ ಕೇಳಬಹುದು. ಕೆಲವು ರಾಜ್ಯಗಳು ಕೊಡುವ ಚಿಕ್ಕ ನಮೂನೆಯಲ್ಲಿ ಅಪ್ಪ ಅಮ್ಮನ ಹೆಸರೇ ಇರುವುದಿಲ್ಲ. ಅದನ್ನು ಹಿಡಿದುಕೊಂಡು ಮಗುವಿನ ಓಸಿಐ ಕಾರ್ಡಿಗೆ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡು) ಹೋದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಎಲ್ಲಿಯವರೇ ಆಗಲಿ, ದೊಡ್ಡ ನಮೂನೆಯೇ ಬೇಕು ಅಂತ ಬಾಯಿಬಿಟ್ಟು ಕೇಳಿ.

ಇಷ್ಟು ಗೋಜಲು ಯಾಕೆ ಅಂತ ನನಗೂ ಅನಿಸಿತ್ತು. ಸೊಸೆ ಓಹಿಯೋದವಳು, ತನ್ನ ಮುತ್ತಜ್ಜಿಯ ಅಮ್ಮನ ದಾಖಲೆ ಹುಡುಕುತ್ತಾ ಕೂತಾಗ ಅರ್ಥವಾಯಿತು. ಆ ರಾಜ್ಯದಲ್ಲಿ ಜನನ ನೋಂದಣಿ ರಾಜ್ಯದ ಕೈಗೆ ಬಂದದ್ದು 1908ರ ಡಿಸೆಂಬರ್‌ನಲ್ಲಿ. ಅದಕ್ಕೂ ಮುಂಚೆ, 1867ರಿಂದ, ಹುಟ್ಟನ್ನು ಬರೆದಿಡುತ್ತಿದ್ದದ್ದು ಕೌಂಟಿಯ ಪ್ರೊಬೇಟ್ ಕೋರ್ಟ್, ಅಂದರೆ ಸತ್ತವರ ಉಯಿಲು ನೋಡುವ ನ್ಯಾಯಾಲಯ! ಉದ್ದನೆಯ ಲೆಡ್ಜರಿನಲ್ಲಿ ಒಂದು ಮಗುವಿಗೆ ಒಂದೇ ಸಾಲು: ಹೆಸರು, ದಿನ, ಊರು, ಮೈಬಣ್ಣ, ಅಪ್ಪ, ಅಮ್ಮನ ತವರಿನ ಹೆಸರು. ಪೆನ್ಸಿಲ್ವೇನಿಯಾದಲ್ಲಿ ರಾಜ್ಯದ ನೋಂದಣಿ 1906ರಿಂದ. 105 ವರ್ಷ ದಾಟಿದವು ಹ್ಯಾರಿಸ್‌ಬರ್ಗ್‌ನ ರಾಜ್ಯ ಪತ್ರಾಗಾರಕ್ಕೆ ಸೇರುತ್ತವೆ. ಕ್ಯಾಲಿಫೋರ್ನಿಯಾದ್ದು 1905ರಿಂದ, ಅದಕ್ಕಿಂತ ಹಳೆಯದು ಬೇಕಾದರೆ ಕೌಂಟಿಗೇ ಹೋಗಬೇಕು. ಸ್ಯಾನ್ ಫ್ರಾನ್ಸಿಸ್ಕೊದ್ದಂತೂ 1906ರ ಭೂಕಂಪದ ಬೆಂಕಿಯಲ್ಲಿ ಸುಟ್ಟೇ ಹೋಯಿತು. ಎಲ್ಲ ರಾಜ್ಯಗಳೂ ಒಂದು ರಾಷ್ಟ್ರೀಯ ವ್ಯವಸ್ಥೆಯೊಳಗೆ ಬರುವ ಹೊತ್ತಿಗೆ 1933 ಆಗಿತ್ತು. ಮನೆಯಲ್ಲಿ ಹೆರಿಗೆಯಾದವರು ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಕಾರ್ಖಾನೆ ಕೆಲಸಕ್ಕೆ ಸೇರಲು ಹೋದಾಗ ಪೌರತ್ವದ ಪುರಾವೆ ಇಲ್ಲದೆ, ಸೂಲಗಿತ್ತಿಯಿಂದ ಅಫಿಡವಿಟ್ ಬರೆಸಿ, ಮನೆಯ ಬೈಬಲ್‌ನಲ್ಲಿ ಬರೆದಿಟ್ಟ ತಾರೀಖು ತೋರಿಸಿ ತಡವಾಗಿ ಸರ್ಟಿಫಿಕೇಟ್ ಮಾಡಿಸಿಕೊಂಡರು. ಜಾತಕ ನೋಡಿ ತಾರೀಖು ಹೇಳುತ್ತಿದ್ದ ನಮ್ಮ ಅಜ್ಜಿಯಂದಿರನ್ನು ನೋಡಿ ನಗುವವರು ಇದನ್ನು ತಿಳಿದಿರಬೇಕು, ಅಲ್ವಾ?

ಈ ಗೊಂದಲವನ್ನೇ ಬಂಡವಾಳ ಮಾಡಿಕೊಂಡ ಏಜೆಂಟರು ಎರಡೂ ದೇಶದಲ್ಲಿದ್ದಾರೆ. ಸರ್ಕಾರದ್ದೇ ಅನ್ನಿಸುವ ಹಾಗೆ ವೆಬ್‌ಸೈಟ್ ಮಾಡಿ, ಕೌಂಟಿಯ ಶುಲ್ಕದ ಹಲವು ಪಟ್ಟು ಸುಮ್ನೆ ಕಿತ್ತುಕೊಳ್ಳುತ್ತಾರೆ. ಕೆಲವು ಕೌಂಟಿಗಳು ತಾವೇ ಖಾಸಗಿ ಕಂಪನಿಗೆ ವಹಿಸಿರುವುದೂ ಉಂಟು. ಅದಕ್ಕೇ ಕೌಂಟಿಯ ಸ್ವಂತ ಪುಟದಿಂದಲೇ ಹೊರಡಿ, ಅವರು ತೋರಿಸಿದ ಕಡೆಗೆ ಮಾತ್ರ ಹೋಗಿ.

ನಮ್ಮ ಕಡೆಯ ಶಾಲೆ, ಕಚೇರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಬೇಕಾದದ್ದು ಏನು ಅಂತ ಒಂದು ಬೋರ್ಡಿನ ಮೇಲೆ ಬರೆದು ಹಾಕಿ: ಅಪ್ಪ ಅಮ್ಮನ ಹೆಸರಿರುವ ದೊಡ್ಡ ನಮೂನೆಯ ಅಧಿಕೃತ ಪ್ರತಿ, ಅದಕ್ಕೆ ಹುಟ್ಟಿದ ರಾಜ್ಯದ ಅಪೊಸ್ಟಿಲ್. ಕೊಟ್ಟವರು ಕೌಂಟಿಯೋ ಊರೋ ರಾಜ್ಯವೋ ಅನ್ನುವುದು ಬೇಡ. ಅನುಮಾನ ಬಂದರೆ ಅಪೊಸ್ಟಿಲ್ ಮೇಲೊಂದು ನಂಬರ್ ಇರುತ್ತದೆ, ಕ್ಯಾಲಿಫೋರ್ನಿಯಾದ್ದಾದರೆ ಆನ್‌ಲೈನ್‌ನಲ್ಲೇ ಹಾಕಿ ನೋಡಬಹುದು. ಇಲ್ಲಿಂದ ಹೊರಡುವವರಿಗೆ ಹೇಳುವುದು, ಒಂದರ ಬದಲು ಮೂರು ಪ್ರತಿ ತೆಗೆದುಕೊಳ್ಳಿ. ಒಂದನ್ನು ಯಾವುದಾದರೂ ಕಚೇರಿ ಇಟ್ಟುಕೊಂಡೇ ಬಿಡುತ್ತದೆ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಳು
ಕ್ಯಾಲಿಫೋರ್ನಿಯಾ