ಹೊರಗೆ ನಿಂತವರ ಕೈಗೆ ಆರತಿ ತಟ್ಟೆ ಬಂದಾಗ

ಮಾನ್ಯ ಸಂಪಾದಕರೇ,

ಸಮಾಜ ಹೊರಗಿಟ್ಟವರನ್ನು ಮೇಲೆತ್ತಲು ಶಾಲೆ, ಕಾನೂನು ಮತ್ತು ನೌಕರಿ ಸಾಕು, ದೇವರ ಮೇಲಿನ ನಂಬಿಕೆಯಿಂದ ಅವರಿಗೆ ಯಾವ ಪ್ರಯೋಜನವೂ ಇಲ್ಲ ಎಂದು ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ಶಾಲೆಯ ಬಗ್ಗೆ ಅವರು ಹೇಳಿದ್ದನ್ನು, ಬದುಕಿಡೀ ಪಾಠ ಹೇಳಿದ ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ನಂಬಿಕೆಯ ಕುರಿತ ಅವರ ಮಾತು ನಮ್ಮ ಮಂಗಳೂರಿನ ಅನುಭವಕ್ಕೆ ಹೊಂದುವುದಿಲ್ಲ.

ನಾನು ಮೂರ್ತೆದಾರರ ಮನೆಯಲ್ಲಿ ಹುಟ್ಟಿದ ಬಿಲ್ಲವ. ನನ್ನ ಅಜ್ಜ ಎಳೆಯರಾಗಿದ್ದಾಗ ಶೇಂದಿ ಇಳಿಸುವವರಿಗೆ ಊರ ದೇವಸ್ಥಾನದೊಳಗೆ ಪ್ರವೇಶವಿರಲಿಲ್ಲ. ಜಾತ್ರೆಗೆ ಹೋಗುತ್ತಿದ್ದರು, ಹರಕೆ ಹೊರುತ್ತಿದ್ದರು, ಗೋಡೆಯ ಆಚೆಯೇ ನಿಂತು ಕೈಮುಗಿದು ಮರಳುತ್ತಿದ್ದರು. ಬಡತನವನ್ನು ಅವರು ದುಡಿದು ಸಹಿಸಿಕೊಂಡರು. ಆದರೆ ದೇವರೇ ನಮ್ಮನ್ನು ದೂರ ಇಟ್ಟಿದ್ದಾನೆ, ನಮ್ಮ ನೆರಳು ಅವನಿಗೆ ಬೇಡ ಎಂಬ ಭಾವನೆ ಒಮ್ಮೆ ಎದೆಯೊಳಗೆ ಇಳಿದರೆ ಅದನ್ನು ಕೂಲಿಯ ಹಣದಿಂದ ಕಿತ್ತೊಗೆಯಲು ಆಗುವುದಿಲ್ಲ ಎಂದು ಅಪ್ಪ ಮತ್ತೆ ಮತ್ತೆ ಹೇಳುತ್ತಿದ್ದರು.

ಆ ಭಾವನೆಯ ಬುಡಕ್ಕೇ ಕೈಹಾಕಿದವರು ನಾರಾಯಣ ಗುರುಗಳು. 1888ರ ಶಿವರಾತ್ರಿಯಂದು ತಿರುವಾಂಕೂರಿನ ಅರುವಿಪುರದಲ್ಲಿ ಅವರು ನೆಯ್ಯಾರ್ ನದಿಯಿಂದ ಕಲ್ಲೊಂದನ್ನು ಎತ್ತಿ ತಂದು ಶಿವನೆಂದು ಪ್ರತಿಷ್ಠಾಪಿಸಿದರು. ಕೇರಳದಲ್ಲಿ ಬಿಲ್ಲವರಂತೆಯೇ ಹೊರಗಿಡಲ್ಪಟ್ಟಿದ್ದ ಈಳವರಲ್ಲಿ ಹುಟ್ಟಿದವರಿಗೆ ಆ ಅಧಿಕಾರ ಎಲ್ಲಿಂದ ಬಂತು ಎಂದು ಕೇಳಿದವರಿಗೆ, ತಾವು ಪ್ರತಿಷ್ಠಾಪಿಸಿದ್ದು ಈಳವರ ಶಿವನನ್ನು ಎಂದು ಉತ್ತರಿಸಿದರೆಂದು ಹೇಳುತ್ತಾರೆ. ಇತ್ತ ಮಂಗಳೂರಿನಲ್ಲಿ ಬಿಲ್ಲವರ ಮುಂದಾಳು ಸಾಹುಕಾರ್ ಕೊರಗಪ್ಪನವರ ಕೋರಿಕೆಯಂತೆ ಬಂದ ಗುರುಗಳು 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ತಿರುವಾಂಕೂರಿನ ಮಹಾರಾಜರು ದೇವಸ್ಥಾನ ಪ್ರವೇಶದ ಘೋಷಣೆ ಹೊರಡಿಸಿದ್ದು 1936ರಲ್ಲಿ. ಕಾನೂನು ಬಾಗಿಲು ತೆರೆಯುವುದಕ್ಕೆ ಎಷ್ಟೋ ವರ್ಷ ಮೊದಲೇ ಹೊರಗಿನವರು ತಮ್ಮದೇ ಗರ್ಭಗುಡಿ ಕಟ್ಟಿಕೊಂಡಿದ್ದರು.

ಇಲ್ಲಿ ಉಡುಪಿಯ ಕನಕನ ಕಿಂಡಿಯ ಮಾತು ಹೇಳದೆ ಇರಲಾರೆ. ಕನಕದಾಸರ ಭಕ್ತಿಗೆ ಒಲಿದು ಕೃಷ್ಣನೇ ತಿರುಗಿ ದರ್ಶನ ಕೊಟ್ಟನೆಂಬ ಐತಿಹ್ಯವನ್ನು ನಾನು ಭಕ್ತಿಯಿಂದಲೇ ನಂಬುತ್ತೇನೆ. ಆದರೂ ಆ ಕಥೆಯಲ್ಲಿ ದೇವರು ತಿರುಗುತ್ತಾನೆಯೇ ಹೊರತು ಬಾಗಿಲು ತೆರೆಯುವುದಿಲ್ಲ, ಕನಕರು ಹೊರಗೇ ಉಳಿಯುತ್ತಾರೆ. ಕುದ್ರೋಳಿಯ ಮಹತ್ವವಿರುವುದು ಇಲ್ಲಿಯೇ. ನಂಬಿಕೆ ಮನುಷ್ಯನನ್ನು ಎತ್ತಬೇಕಾದರೆ ಅವನಿಗೆ ದರ್ಶನ ಸಿಕ್ಕರೆ ಸಾಲದು, ದೇವರ ಸೇವೆಯ ಹಕ್ಕೂ ಅವನ ಕೈಗೆ ಬರಬೇಕು.

1991ರಲ್ಲಿ ಕುದ್ರೋಳಿ ದೇವಸ್ಥಾನದ ನವೀಕರಣವನ್ನು ಮುನ್ನಡೆಸಿದ ಬಿ. ಜನಾರ್ದನ ಪೂಜಾರಿಯವರ ಮುತುವರ್ಜಿಯಿಂದ 2013ರಲ್ಲಿ ಇಬ್ಬರು ವಿಧವೆಯರು ಅಲ್ಲಿ ಅರ್ಚಕರಾದರು. ಗಂಡನನ್ನು ಕಳೆದುಕೊಂಡ ನನ್ನ ಅಕ್ಕ ಅಲ್ಲಿಯವರೆಗೆ ಯಾವ ಮದುವೆಗೆ ಹೋದರೂ ಧಾರೆಯ ಹೊತ್ತಿಗೆ ತಾನಾಗಿಯೇ ಒಳಕೋಣೆಗೆ ಸರಿದುಬಿಡುತ್ತಿದ್ದಳು. ಯಾರೂ ಹೋಗೆಂದು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೇ ಇರಲಿಲ್ಲ. ಕುದ್ರೋಳಿಯಲ್ಲಿ ತನ್ನಂತಹ ಹೆಂಗಸಿನ ಕೈಯಿಂದ ಆರತಿ, ತೀರ್ಥ ತೆಗೆದುಕೊಂಡು ಬಂದ ದಿನ ಅವಳು ಹೆಚ್ಚೇನೂ ಮಾತಾಡಲಿಲ್ಲ. ಆದರೆ ಮುಂದಿನ ವರ್ಷ ತಮ್ಮನ ಮಗಳ ಮದುವೆಯಲ್ಲಿ ಮಂಟಪದ ಎದುರೇ ನಿಂತು ಅಕ್ಷತೆ ಹಾಕಿದಳು. ನಾನು ಎಷ್ಟೋ ವರ್ಷ ತಿಳಿಹೇಳಿದರೂ ಆಗದ ಕೆಲಸ ಅದು.

ಹೀಗಿದ್ದೂ ನಮ್ಮ ತುಳುನಾಡಿನಲ್ಲಿ ಒಂದು ದೊಡ್ಡ ಕೊರತೆ ಉಳಿದಿದೆ. ಕಳೆದ ವಸ್ತು ಸಿಗಲೆಂದು ನಾವು ಕೊರಗಜ್ಜನೆಂಬ ದೈವಕ್ಕೆ ಹರಕೆ ಹೊರುತ್ತೇವೆ, ಚಕ್ಕುಲಿ, ವೀಳ್ಯದೆಲೆ, ಶೇಂದಿ ಅರ್ಪಿಸುತ್ತೇವೆ. ಎಲ್ಲ ಜಾತಿಯವರೂ ಅವನ ಮುಂದೆ ತಲೆಬಾಗುತ್ತಾರೆ. ಆ ಅಜ್ಜ ಹುಟ್ಟಿದ ಕೊರಗ ಸಮುದಾಯಕ್ಕೆ ಮಾತ್ರ, ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ರಾಜ್ಯ ಸರ್ಕಾರವೇ ನಿಷೇಧ ಕಾಯ್ದೆ ತರಬೇಕಾಯಿತು. ದೈವವಾದ ಕೊರಗನನ್ನು ಪೂಜಿಸಿ ಬದುಕಿರುವ ಕೊರಗರನ್ನು ಅಂಗಳದಾಚೆ ನಿಲ್ಲಿಸಿದ್ದು ನಂಬಿಕೆಯ ದೋಷವಲ್ಲ, ನಂಬಿದವರಾದ ನಮ್ಮ ದೋಷ. ಹಿಂದೆ ಹೊರಗೆ ನಿಂತಿದ್ದ ನನ್ನ ಸಮುದಾಯವೂ ಈ ಮಾತಿನಿಂದ ತಪ್ಪಿಸಿಕೊಳ್ಳುವಂತಿಲ್ಲ.

ಆದ್ದರಿಂದ ಕರಾವಳಿಯ ದೇವಸ್ಥಾನಗಳ ಆಡಳಿತ ಮಂಡಳಿಗಳಲ್ಲಿ, ಮೊದಲಿಗೆ ನಮ್ಮವರೇ ನಡೆಸುವ ದೇವಸ್ಥಾನಗಳಲ್ಲಿ, ನನ್ನದೊಂದು ವಿನಂತಿ: ಆಸಕ್ತಿಯುಳ್ಳ ಕೊರಗ ಯುವಕ ಯುವತಿಯರಿಗೆ ಪೂಜಾವಿಧಿಯನ್ನು ಶ್ರದ್ಧೆಯಿಂದ ಕಲಿಸಿ, ತಕ್ಕ ಸಂಬಳ ಕೊಟ್ಟು, ಗರ್ಭಗುಡಿಯ ಸೇವೆಗೇ ಅವರನ್ನು ನೇಮಿಸಿಕೊಳ್ಳಿ. ಬರುವ ಶಿವರಾತ್ರಿಯ ಪೂಜೆಗೆ ಅವರಲ್ಲಿ ಒಬ್ಬರಾದರೂ ಒಳಗಿರಲಿ.

— ಓರ್ವ ನಿವೃತ್ತ ಶಿಕ್ಷಕ, ಮಂಗಳೂರು